ಗಾಜಿನ ಕೋಣೆಯ ಹಿಡಿಯಣ್ಣ

ಬ್ಯಾಗಿನ ಕಾರ್ಖಾನೆಯಲ್ಲಿ ಅರ್ಧ ಆಯುಷ್ಯ ಸವೆಸಿದ ಹಿಡಿಯಣ್ಣ ತನ್ನ ಜೀವಮಾನದಲ್ಲಿ ಒಂದೇ ಒಂದು ಬ್ಯಾಗನ್ನೂ ಮಾಡಿದವನಲ್ಲ. ಅವನು ಮಾಡುತ್ತಿದ್ದದ್ದು ಬರೀ ಹಿಡಿ. ಚರ್ಮದ ಪಟ್ಟಿಯನ್ನು ಗಟ್ಟಿ ಹಗ್ಗದ ಮೇಲೆ ಸುತ್ತಿ, ಮೇಣ ಹಚ್ಚಿದ ದಾರದ ಎರಡು ತುದಿಗೆ ಎರಡು ಸೂಜಿ ಪೋಣಿಸಿ, ಒಂದೇ ತೂತಿನಲ್ಲಿ ಆಚೆಯಿಂದೊಂದು ಈಚೆಯಿಂದೊಂದು ಹಾಯಿಸಿ ಬಿಗಿದು, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಎರಡು ಸಲ ಜಗ್ಗಿ ನೋಡಿ, "ಹ್ಞೂಂ" ಎಂದು ಪಕ್ಕದ ಬುಟ್ಟಿಗೆ ಹಾಕಿದರೆ ಅವನ ಕೆಲಸ ಮುಗಿಯಿತು. ಆ ಹಿಡಿ ಆಮೇಲೆ ಯಾವ ಬ್ಯಾಗಿಗೆ ಹೋಯಿತು, ಆ ಬ್ಯಾಗು ಯಾವ ಸಿರಿವಂತೆಯ ತೋಳೇರಿತು ಎಂಬುದೆಲ್ಲ ಅವನಿಗೆ ಬೇಡದ ಉಸಾಬರಿ. ಅವು ಸಾಮಾನ್ಯ ಬ್ಯಾಗುಗಳೂ ಅಲ್ಲ. ಅಂಗಡಿಯಲ್ಲಿ ಬೆಲೆಯ ಚೀಟಿಯನ್ನು ಬ್ಯಾಗಿನ ಒಳಜೇಬಿನಲ್ಲಿ ಬಚ್ಚಿಡುತ್ತಿದ್ದರು, ಕೊಳ್ಳುವವರಿಗೆ ಮೊದಲು ಬ್ಯಾಗಿನ ಮೇಲೆ ಮನಸ್ಸಾಗಲಿ, ಎದೆನೋವು ಆಮೇಲೆ ಬರಲಿ ಎಂದು.

ಒಮ್ಮೆ ಕಂಪನಿಯ ದೊಡ್ಡವರು ಕಾರ್ಖಾನೆ ಸುತ್ತುತ್ತಾ ಬಂದು, "ನಾವು ಮಾಡೋ ಬ್ಯಾಗು ನೋಡಿದ್ದೀಯೇನಪ್ಪಾ?" ಎಂದು ಅಕ್ಕರೆಯಿಂದ ಕೇಳಿದರು.

"ನೋಡಿದೀನಿ ಸಾರ್," ಎಂದ ಅವನು. "ನನ್ನ ಹಿಡಿಗೆ ಕೆಳಗಡೆ ಏನೋ ಜೋತು ಬಿಟ್ಟಿರ್ತಾರೆ."

ಹಿಡಿಯಣ್ಣ ಎಂಬ ಹೆಸರು ಅಂದೇ ಅಂಟಿಕೊಂಡಿತು. ಅವನ ಲೋಕವೂ ಹಿಡಿಮಯವೇ. ಬಸ್ಸು ಹತ್ತಿದರೆ ಸೀಟು ಹುಡುಕುವ ಮೊದಲು ಕಂಬಿ ತಡವುವನು. ಯಾರ ಮನೆಗೆ ಹೋದರೂ ಬಾಗಿಲ ಹಿಡಿಯನ್ನು ಅಲ್ಲಾಡಿಸಿ, ತನ್ನ ಅಭಿಪ್ರಾಯ ಒಪ್ಪಿಸಿಯೇ ಒಳಗೆ ಕಾಲಿಡುವನು. ದೂರದ ನೆಂಟರೊಬ್ಬರು ತೀರಿಕೊಂಡಾಗ ಮಾತಾಡಿಸಲು ಹೋದವನು ಹೊಸ್ತಿಲಲ್ಲಿ ನಿಂತು, ಅಭ್ಯಾಸಬಲದಿಂದ, "ಸ್ಕ್ರೂ ಸಡಿಲ" ಎಂದುಬಿಟ್ಟ. ಸತ್ತವರ ತಲೆಯ ವಿಷಯ ಆಡಿದನೆಂದು ತಿಳಿದ ಆ ಮನೆಯವರು ಇವತ್ತಿಗೂ ಇವನ ಮುಖ ನೋಡುವುದಿಲ್ಲ. ಹಾಗೆ ನೋಡಿದರೆ ಸತ್ತವರ ವಿಷಯದಲ್ಲೂ ಆ ಮಾತು ಪೂರ್ತಿ ಸುಳ್ಳಲ್ಲ ಎಂದು ಅವನ ಹೆಂಡತಿ ಆಮೇಲೆ ಮನೆಗೆ ಬಂದು ಹೇಳಿದಳು.

ಹೆಂಡತಿ ಅದೇ ಕಾರ್ಖಾನೆಯಲ್ಲಿ ಬ್ಯಾಗಿನ ಒಳಬಟ್ಟೆ ಹೊಲಿಯುವವಳು. ಅವಳನ್ನು ಅಲ್ಲಿ ಎಲ್ಲರೂ 'ಒಳಗಿನಕ್ಕ' ಎನ್ನುತ್ತಿದ್ದರು. ಮದುವೆಗೆ ಮುಂಚೆ ಕ್ಯಾಂಟೀನಿನಲ್ಲಿ ಇವನು ಹಿಡಿಯ ಮಹಿಮೆಯನ್ನು ಕೊಚ್ಚಿಕೊಳ್ಳುತ್ತಿದ್ದಾಗ, ಆಚೆ ಬೆಂಚಿನಿಂದ ಎದ್ದು ಬಂದು, "ಹಿಡಿ ಇಲ್ಲದ ಬ್ಯಾಗನ್ನ ಕಂಕುಳಲ್ಲಿ ಇಟ್ಕೊಂಡು ಹೋಗಬಹುದು. ಒಳಗೇ ಇಲ್ಲದ ಬ್ಯಾಗನ್ನ ಏನು ಮಾಡ್ತೀರಿ, ಟೋಪಿ ಥರ ತಲೆಗೆ ಹಾಕ್ಕೋತೀರಾ?" ಎಂದು ಕೇಳಿದವಳು ಅವಳೇ. ಮಾರನೆಯ ದಿನ ಇವನಿಗೆ ಉತ್ತರ ಹೊಳೆಯಿತು, ಅವಳ ಬಳಿ ಮರುಉತ್ತರವೂ ಸಿದ್ಧವಿತ್ತು. ಆ ಜಗಳ ಮುಗಿಸಲು ಬೇರೆ ದಾರಿ ಕಾಣದೆ ಇಬ್ಬರೂ ಮದುವೆಯಾದರು. ಜಗಳ ಮಾತ್ರ ಮುಗಿಯಲಿಲ್ಲ.

ಅವರ ಜೊತೆ ಇನ್ನೊಬ್ಬರಿದ್ದರು, ಹೆಂಡತಿಯ ಸೋದರಮಾವ. ಕತ್ತರಿಸಿದ ಚರ್ಮದ ಅಂಚಿಗೆ ಬಣ್ಣ ಬಳಿಯುವುದು ಅವರ ಕೆಲಸ. ಒಂದು ಸಲ ಬಳಿ, ಒಣಗಲು ಬಿಡು, ಉಜ್ಜು, ಮತ್ತೆ ಬಳಿ. ಕೆಲಸಕ್ಕಿಂತ ಕಾಯುವುದೇ ಹೆಚ್ಚು. ಹೀಗಾಗಿ ಅಂಚಿನ ಮಾವ ಕುಂಚವನ್ನು ನೆಟ್ಟಗೆ ಹಿಡಿದುಕೊಂಡೇ ಕೂತಲ್ಲಿ ನಿದ್ದೆ ಮಾಡುವ ವಿದ್ಯೆಯನ್ನು ಸಂಪಾದಿಸಿದ್ದರು. ಬಣ್ಣ ಒಣಗಿದ ಗಳಿಗೆಗೆ ಸರಿಯಾಗಿ ಎಚ್ಚರವಾಗುತ್ತಿತ್ತು. ಮಾವ ಒಂಟಿ ಮನುಷ್ಯ. ಮಲಗಲು ಪಕ್ಕದ ಬೀದಿಯ ಬಾಡಿಗೆ ಕೋಣೆ, ಊಟಕ್ಕೆ ಸೊಸೆಯ ಮನೆ.

ಹೀಗೆ ಎಲ್ಲವೂ ಸುಸೂತ್ರವಾಗಿ ನಡೆಯುತ್ತಿರುವಾಗ, ಕಂಪನಿಯ ದೊಡ್ಡ ಕಚೇರಿಯಿಂದ ಸೂಟು ತೊಟ್ಟವರೊಬ್ಬರು ಬಂದರು. ಕ್ಯಾಂಟೀನಿನ ಮೇಜುಗಳನ್ನು ಗೋಡೆಗೆ ಸರಿಸಿ ಎಲ್ಲರನ್ನೂ ನಿಲ್ಲಿಸಿದರು. ಸೂಟಿನವರು ಗಂಟಲು ಸರಿಮಾಡಿಕೊಂಡು, "ಕಂಪನಿ ಎಲ್ಲಿಗೂ ಹೋಗ್ತಿಲ್ಲ. ಕಂಪನಿಯ ಹೃದಯ ಇಲ್ಲೇ ಇರುತ್ತೆ. ಕೈಗಳು ಮಾತ್ರ ಹೊರದೇಶಕ್ಕೆ ಹೋಗ್ತವೆ" ಎಂದರು.

ಎಲ್ಲರೂ ತಮ್ಮ ತಮ್ಮ ಕೈ ನೋಡಿಕೊಂಡರು. ಅಂಚಿನ ಮಾವ ಆಗಷ್ಟೇ ಕಣ್ಣುಬಿಟ್ಟು, "ಪಾಸ್‌ಪೋರ್ಟು ಅವರೇ ಮಾಡಿಸ್ತಾರಂತಾ?" ಎಂದು ಸೊಸೆಯನ್ನು ಕೇಳಿದರು.

"ನಮ್ಮ ಕೈಯಲ್ಲ ಮಾವ. ಬೇರೆಯವರ ಕೈ."

"ಮತ್ತೆ ನಾವು?"

"ನಾವು ಹೃದಯ ಇರಬೇಕು."

ಹೋಗುವ ಮುಂಚೆ ಕಂಪನಿ ಇನ್ನೊಂದು ಉಪಕಾರ ಕೇಳಿತು. ಹೊರದೇಶದ ಹೊಸ ಕಾರ್ಖಾನೆಯಿಂದ ಕೆಲವರು ಹೆಂಗಸರು ಕಲಿಯಲು ಬರುತ್ತಾರೆ, ಕಲಿಸಿಕೊಡಿ ಎಂದಿತು. ಹಿಡಿಯಣ್ಣನ ಪಾಲಿಗೆ ಬಂದವಳು ಪುಟ್ಟ ಆಕಾರದ, ಚುರುಕು ಕಣ್ಣಿನ ಒಬ್ಬಳು. ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಳು. ಇವನ ಮಾತು ಅವಳಿಗೆ ತಿಳಿಯದು, ಅವಳದು ಇವನಿಗೆ ತಿಳಿಯದು. ಪೆನ್ಸಿಲಮ್ಮ ಎಂದು ಹೆಸರಿಟ್ಟು, "ಹ್ಞೂಂ" ಮತ್ತು "ಊಹ್ಞೂಂ" ಎಂಬ ಎರಡೇ ಪದಗಳಲ್ಲಿ ಪಾಠ ಶುರುಮಾಡಿದ. ಮೊದಲ ದಿನ ಮನೆಗೆ ಬಂದು ಕಾಲ ಮೇಲೆ ಕಾಲು ಹಾಕಿ ಕೂತು, "ಪಾಪ, ವರ್ಷ ಬೇಕು ಅವಳಿಗೆ. ಇದೇನು ಒಳಬಟ್ಟೆ ಹೊಲಿದಂಗಾ?" ಎಂದ. ಹೆಂಡತಿ ತಟ್ಟೆಯನ್ನು ಕೊಂಚ ಜೋರಾಗಿಯೇ ಇಟ್ಟಳು.

ವಾರವೊಂದು ಕಳೆದಿರಬೇಕು, ಸೂಪರ್‌ವೈಸರ್ ಬುಟ್ಟಿಯ ಮುಂದೆ ನಿಂತು ಯಾವುದು ಯಾರದೆಂದು ತಿಳಿಯದೆ ತಲೆ ಕೆರೆದುಕೊಂಡ. ಹಿಡಿಯಣ್ಣ ಮುಂದೆ ಬಂದು, ಒಂದನ್ನು ಎತ್ತಿ ಹಿಡಿದು, "ಇಷ್ಟೂ ತಿಳಿಯಲ್ವಾ? ಕೈ ಪಳಗಿದ ಹೊಲಿಗೆ ಅಂದ್ರೆ ಇದು" ಎಂದ. ಪೆನ್ಸಿಲಮ್ಮ ನಾಚಿಕೊಂಡು ತನ್ನ ಎದೆ ಮುಟ್ಟಿ ತೋರಿಸಿದಳು. ಅದು ಅವಳದ್ದು.

ಆ ಸಂಜೆ ಮುಖ ಊದಿಸಿಕೊಂಡು ಕೂತ ಗಂಡನಿಗೆ ಹೆಂಡತಿ, "ನೀವು ಚೆನ್ನಾಗಿ ಕಲಿಸಿದೀರಿ ಅಂತಲೇ ಅರ್ಥ ಅಲ್ವೇನ್ರೀ?" ಎಂದು ಸಮಾಧಾನ ಹೇಳಿದಳು.

"ಅಷ್ಟೊಂದು ಚೆನ್ನಾಗಿ ಕಲಿಸಬಾರದಿತ್ತು ಕಣೇ."

ಆದರೆ ಪೆನ್ಸಿಲಮ್ಮ ಹೊರಡುವ ದಿನ, ಅವನು ಹೊಲಿದಿಟ್ಟ ಕೊನೆಯ ಹಿಡಿಯನ್ನು ಎತ್ತಿ, ಅವನಂತೆಯೇ ಹುಬ್ಬು ಗಂಟುಹಾಕಿ, ಎರಡು ಸಲ ಜಗ್ಗಿ, "ಹ್ಞೂಂ" ಎಂದಾಗ, ಅವನು ಆಚೆ ತಿರುಗಿ ಕಣ್ಣೊರೆಸಿಕೊಂಡ. ಚರ್ಮದ ಧೂಳು ಎಂದು ಎಲ್ಲರಿಗೂ ಹೇಳಿದ.

ಯಂತ್ರಗಳು ಪೆಟ್ಟಿಗೆ ಸೇರಿ ಲಾರಿ ಹತ್ತಿದವು. ಕಾರ್ಖಾನೆಗೆ ಬೀಗ ಬಿತ್ತು. ಕಂಪನಿ ಕೊಟ್ಟಷ್ಟು ಕೊಟ್ಟು ಕೈ ತೊಳೆದುಕೊಂಡಿತು. ಹೆಂಡತಿ ಮನೆಯಲ್ಲೇ ಪರದೆ, ದಿಂಬಿನ ಚೀಲ ಹೊಲಿಯುವ ಕೆಲಸ ಹಿಡಿದಳು. ಹಿಡಿಯಣ್ಣನಿಗೆ ಕೈಕಟ್ಟಿ ಕೂತು ಗೊತ್ತಿಲ್ಲ. ಅಟ್ಟದ ಮೇಲಿದ್ದ ಚರ್ಮದ ಚೂರುಗಳನ್ನು ಇಳಿಸಿ, ಮೊದಲು ತನ್ನ ಮನೆಯ ಬಕೆಟ್ಟಿಗೆ ಹಿಡಿ ಹೊಲಿದ. ಆಮೇಲೆ ಕಪಾಟು, ಕೊಡೆ, ಟ್ರಂಕು. ಮನೆಯೊಳಗೆ ಹಿಡಿ ಹಾಕಲು ಏನೂ ಉಳಿಯದಿದ್ದಾಗ ಅಕ್ಕಪಕ್ಕದವರ ಬಾಗಿಲು ತಟ್ಟಿದ. ಬೇಡವೆಂದವರಿಗೂ ಹಾಕಿಕೊಟ್ಟ. ಮೇಲಿನ ಮನೆಯಾಕೆಯ ಬಾಣಲೆಗೂ ಹಾಕಿಕೊಟ್ಟ. ಆಕೆ ಅದನ್ನು ಒಲೆಯ ಮೇಲಿಟ್ಟು, ಉರಿ ದೊಡ್ಡದು ಮಾಡಿ, ಫೋನಿನಲ್ಲಿ ತಂಗಿಯ ಜೊತೆ ಮಾತಿಗೆ ಕೂತಳು. ಸುಟ್ಟ ಚರ್ಮದ ನಾತಕ್ಕೆ ಇಡೀ ಕಟ್ಟಡ ಮೂಗು ಮುಚ್ಚಿಕೊಂಡು ಬೀದಿಗಿಳಿಯಿತು. ಮನೆ ಮಾಲೀಕ ಬಂದು, ಇನ್ನು ಮೇಲೆ ಯಾರ ಯಾವ ವಸ್ತುವಿಗೂ ಹಿಡಿ ಹಾಕಕೂಡದೆಂದು ಕಟ್ಟಪ್ಪಣೆ ಮಾಡಿದ. ಮಾತು ಮುಗಿಸಿ ಹೋಗುವಾಗ ತನ್ನ ಛತ್ರಿಯ ಚರ್ಮದ ಹಿಡಿಯನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡೇ ಹೋದ.

ಇಂಥ ಹೊತ್ತಿನಲ್ಲಿ ಕಂಪನಿಯಿಂದ ಮತ್ತೆ ಕರೆ ಬಂತು. ಹಳೆಯ ಕಾರ್ಖಾನೆಯ ಮುಂಭಾಗಕ್ಕೆ ಬಣ್ಣ ಬಳಿದು ದೊಡ್ಡ ಅಂಗಡಿ ತೆರೆದಿದ್ದರು. ಹೊರದೇಶದಲ್ಲಿ ಹೊಲಿದ ಬ್ಯಾಗುಗಳು ಅಲ್ಲಿ ದೀಪದ ಬೆಳಕಿನಲ್ಲಿ ರಾಣಿಯರಂತೆ ಕೂತಿದ್ದವು. ಅಂಗಡಿಯ ನಟ್ಟನಡುವೆ ಮೀನಿನ ತೊಟ್ಟಿಯಂಥ ಒಂದು ಗಾಜಿನ ಕೋಣೆ. ಒಳಗೆ ಮೂರು ಮರದ ಸ್ಟೂಲು, ಒಂದು ಮೇಜು. ಅಂಗಡಿ ನೋಡಿಕೊಳ್ಳುವ ಮೇಡಂ ಇನ್ನೂ ಚಿಕ್ಕ ವಯಸ್ಸಿನವಳು, ನಗುಮೊಗದವಳು.

"ಗಿರಾಕಿಗಳಿಗೆ ಬ್ಯಾಗಿನ ಜೊತೆ ಒಂದು ಭಾವನೆ ಬೇಕು. ಆ ಭಾವನೆ ನೀವು," ಎಂದಳು.

"ಏನು ಮಾಡಿಕೊಡಬೇಕು ಮೇಡಂ?" ಎಂದ ಹಿಡಿಯಣ್ಣ.

"ಏನೂ ಮಾಡಿಕೊಡೋದು ಬೇಡ. ಮಾಡ್ತಾ ಇದ್ದರೆ ಸಾಕು."

ಹೀಗೆ ಹಿಡಿಯಣ್ಣ, ಒಳಗಿನಕ್ಕ ಮತ್ತು ಅಂಚಿನ ಮಾವ ಗಾಜಿನ ಕೋಣೆ ಸೇರಿದರು. ಹೊಸ ಚರ್ಮದ ಏಪ್ರನ್ ಕೊಟ್ಟರು. ಅದು ಹಳೆಯದಾಗಿ ಕಾಣಲೆಂದು ಮೇಡಂ ತಾನೇ ಕೂತು ಕಾಫಿ ಡಿಕಾಕ್ಷನ್ ಹಚ್ಚಿ ಉಜ್ಜಿದಳು. ಹಿಡಿಯಣ್ಣನಿಗೆ ಗಡ್ಡ ಬಿಡಲು ಹೇಳಿದಳು, ಮೂಗಿನ ತುದಿಗೆ ಕನ್ನಡಕ ಇಟ್ಟಳು. ಅವನ ಕಣ್ಣು ಹದ್ದಿನ ಕಣ್ಣು, ಗಾಜು ಹಾಕಿದರೆ ತಲೆ ಸುತ್ತುತ್ತಿತ್ತು. ಹಾಗಾಗಿ ಬರೀ ಫ್ರೇಮು. ಒಂದು ದಿನ ಗಿರಾಕಿಗಳ ಮುಂದೆ ಕಣ್ಣಿಗೆ ಏನೋ ಬಿತ್ತೆಂದು ಅವನು ಫ್ರೇಮಿನ ಮೂಲಕವೇ ಬೆರಳು ತೂರಿಸಿ ಕಣ್ಣುಜ್ಜಿಕೊಂಡಾಗ ಆಚೆ ನಿಂತಿದ್ದ ಹೆಂಗಸೊಬ್ಬಳು ಕಿಟಾರನೆ ಕಿರುಚಿದಳು.

ಎಲ್ಲರಿಗಿಂತ ಹೆಚ್ಚು ಹೆಸರು ಮಾಡಿದವರು ಅಂಚಿನ ಮಾವ. ಕುಂಚ ಎತ್ತಿ ಹಿಡಿದು ಅವರು ಗೊರಕೆಯಿಲ್ಲದೆ ನಿದ್ರಿಸುತ್ತಿದ್ದರೆ, ಜನ ಗಾಜಿಗೆ ಮೂಗೊತ್ತಿ, "ಧ್ಯಾನದಲ್ಲಿದ್ದಾರೆ" ಎಂದು ಪಿಸುಗುಟ್ಟುತ್ತಿದ್ದರು. ಮೇಡಂ ಉಳಿದಿಬ್ಬರಿಗೂ, "ಅವರನ್ನ ನೋಡಿ ಕಲೀರಿ, ಎಷ್ಟು ಸಹಜವಾಗಿದೆ!" ಎನ್ನುವಳು.

ಕೊಟ್ಟಿದ್ದ ಚರ್ಮ ಒಂದೇ ತುಂಡು. ದಿನವೆಲ್ಲ ಹೊಲಿಯುವುದು, ಅಂಗಡಿ ಮುಚ್ಚಿದ ಮೇಲೆ ಬಿಚ್ಚುವುದು, ಮಾರನೆಯ ದಿನ ಅದೇ ತೂತುಗಳಲ್ಲಿ ಮತ್ತೆ ಹೊಲಿಯುವುದು. ಬರಬರುತ್ತಾ ಆ ಚರ್ಮ ಜರಡಿಯಾಯಿತು. ಗಿರಾಕಿಯೊಬ್ಬ ಭಕ್ತಿಯಿಂದ, "ಒಂದು ಬ್ಯಾಗಿಗೆ ಎಷ್ಟು ಕಾಲ ಬೇಕು?" ಎಂದು ಕೇಳಿದ.

"ಇದಕ್ಕಾ?" ಹಿಡಿಯಣ್ಣ ಸತ್ಯವನ್ನೇ ಹೇಳಿದ. "ಮಳೆಗಾಲದಿಂದ ಹಿಡಿದಿದೀವಿ, ಇನ್ನೂ ಮುಗಿದಿಲ್ಲ."

ಗಿರಾಕಿ ಕಣ್ಣರಳಿಸಿ, ಆ ಗಳಿಗೆಯಲ್ಲೇ ಎರಡು ಬ್ಯಾಗು ಕೊಂಡ.

ನಿಜ ಹೇಳಬೇಕೆಂದರೆ ಮೊದಮೊದಲು ಹಿಡಿಯಣ್ಣನಿಗೆ ಇದು ಹಿಡಿಸಿತ್ತು. ಇಷ್ಟು ವರ್ಷ ಅವನ ಕೆಲಸವನ್ನು ಯಾರೂ ನಿಂತು ನೋಡಿರಲಿಲ್ಲ. ಈಗ ಸೂಜಿಗೆ ದಾರ ಪೋಣಿಸುವುದನ್ನೂ ಜನ ಫೋಟೊ ತೆಗೆಯುತ್ತಿದ್ದರು. ಅವನು ಸೂಜಿಯನ್ನು ಬೆಳಕಿಗೆತ್ತಿ, ಒಂದು ಕಣ್ಣು ಮುಚ್ಚಿ, ಬೇಕೆಂದೇ ಎರಡು ಸಲ ತಪ್ಪಿಸಿ ಮೂರನೆಯ ಸಲ ಪೋಣಿಸುತ್ತಿದ್ದ. "ಸೂಜೀನ ಸಿನಿಮಾ ಹೀರೋ ಪಿಸ್ತೂಲು ಎತ್ತಿದಂಗೆ ಎತ್ತುತೀರಲ್ರೀ," ಎಂದು ಹೆಂಡತಿ ತುಟಿ ಅಲ್ಲಾಡಿಸದೆ ಗೊಣಗುತ್ತಿದ್ದಳು. ಆದರೂ ಪ್ರತಿ ಸಂಜೆ ಹೊಲಿದದ್ದನ್ನು ಬಿಚ್ಚುವಾಗ ಅವನಿಗೆ ಬಾಯಿ ಕಹಿಯಾಗುತ್ತಿತ್ತು. ಬಿಚ್ಚಿದ ದಾರವನ್ನು ಉಂಡೆ ಸುತ್ತಿಟ್ಟು ಮನೆಗೆ ನಡೆಯುವನು.

ಹೀಗಿರುವಾಗ ಒಂದು ಮಧ್ಯಾಹ್ನ ಅಂಗಡಿಯೊಳಗೆ ನಿವೃತ್ತ ಹೆಡ್ ನರ್ಸ್ ಒಬ್ಬರು ನುಗ್ಗಿದರು. ಉದ್ದನೆಯ ವಾರ್ಡಿನ ಈ ತುದಿಯಲ್ಲಿ ನಿಂತು ಆ ತುದಿಯ ರೋಗಿಗೆ ಮಗ್ಗುಲು ಬದಲಿಸಲು ಹೇಳಿದ ಗಂಟಲು ಅವರದು. ಅವರ ಒಂದು ಕೈಯಲ್ಲಿ ಕಂಪನಿಯ ಬ್ಯಾಗು, ಇನ್ನೊಂದು ಕೈಯಲ್ಲಿ ಅದರ ಹಿಡಿ. ಜೀವಮಾನದ ಆಸೆಯೆಂದು ಮೂವರು ಹೆಣ್ಣುಮಕ್ಕಳು ಕೂಡಿ ಕೊಡಿಸಿದ ಬ್ಯಾಗು ಅದು. ಮೊದಲ ಸಲ ತೋಳಿಗೇರಿಸಿಕೊಂಡು ಮದುವೆಯೊಂದಕ್ಕೆ ಹೋದಾಗ, ಮೆಟ್ಟಿಲ ಮೇಲೆ, ಸರಿಯಾಗಿ ಬೀಗರ ಎದುರಲ್ಲಿ ಹಿಡಿ ಕಿತ್ತು ಬಂದಿತ್ತು. ಮಾತ್ರೆ, ಬಾಚಣಿಗೆ, ಹಲ್ಲಿನ ಸೆಟ್ಟು ಉರುಳಿದ್ದಕ್ಕೆ ಅವರಿಗೆ ಬೇಸರವಿರಲಿಲ್ಲ. ಊಟದ ಮನೆಯಿಂದ ಯಾರಿಗೂ ಕಾಣದಂತೆ ಕಾಗದದಲ್ಲಿ ಕಟ್ಟಿಕೊಂಡಿದ್ದ ಸಿಹಿತಿಂಡಿಗಳು ಒಂದೊಂದಾಗಿ ಮೆಟ್ಟಿಲಿಳಿದು ಬೀಗರ ಪಾದದ ಬಳಿ ನಿಂತದ್ದು ಅವರ ಕರುಳು ಹಿಂಡಿತ್ತು.

ಗಾಜಿನ ಕೋಣೆಯಲ್ಲಿ ಹಿಡಿ ಹೊಲಿಯುತ್ತಾ ಕೂತ ಗಡ್ಡದವನನ್ನು ಕಂಡದ್ದೇ ತಡ, ಅವರ ಪಿತ್ತ ನೆತ್ತಿಗೇರಿತು. ಗಾಜನ್ನು ದಬದಬ ಬಡಿದು, ಬಾಗಿಲು ತೆಗೆದು ಒಳಗೇ ಬಂದರು.

"ನೀನೇ ತಾನೆ ಇದನ್ನ ಹೊಲಿದೋನು? ಇದನ್ನ ಹಿಡಿ ಅಂತಾರೇನಯ್ಯಾ? ಇಂಥ ಕೈ ಇಟ್ಕೊಂಡು ಜನರ ಮುಂದೆ ಕೂತಿದ್ದೀಯಲ್ಲ, ನಾಚಿಕೆ ಆಗಲ್ವಾ?"

ಕಳ್ಳನೆಂದಿದ್ದರೆ ಹಿಡಿಯಣ್ಣ ಸಹಿಸುತ್ತಿದ್ದ. ಹಿಡಿ ಹೊಲಿಯಲು ಬಾರದವನೆಂದರೆ ಹೇಗೆ ಸಹಿಸಿಯಾನು? ಅವನ ಕಿವಿ ಕೆಂಪಾಯಿತು. ಕಿತ್ತುಬಂದ ಹಿಡಿಯನ್ನು ಅವರ ಕೈಯಿಂದ ತೆಗೆದುಕೊಂಡು, ಫ್ರೇಮು ಕಿತ್ತೆಸೆದು ನೋಡಿದ. ಒಂದು ತುದಿಯಿಂದ ಅರ್ಧದವರೆಗೆ ಹೊಲಿಗೆ ಅಚ್ಚುಕಟ್ಟು, ದಾರ ಬಿಗಿದ ರೀತಿ ಅವನಿಗೆ ಚಿರಪರಿಚಿತ. ಅಲ್ಲಿಂದಾಚೆ ಹೊಲಿಗೆ ದಾಪುಗಾಲು ಹಾಕಿ ಓಡಿತ್ತು. ಒಳಗೆ ಹಗ್ಗವಿರಬೇಕಾದ ಕಡೆ ಸ್ಪಂಜು ತುಂಬಿತ್ತು. ಬುಡಕ್ಕೆ ಹೊಲಿಗೆಯೇ ಇಲ್ಲ, ಬರೀ ಅಂಟು.

"ಪೆನ್ಸಿಲಮ್ಮಾ," ಎಂದ ಮೆಲ್ಲಗೆ. ಆಮೇಲೆ ತಲೆಯೆತ್ತಿ, "ಅಮ್ಮಾ, ಇದು ನಾನು ಹೊಲಿದದ್ದಲ್ಲ. ಆದರೆ ಹೊಲಿದವಳದ್ದೂ ತಪ್ಪಿಲ್ಲ. ನೋಡಿ, ಇಲ್ಲೀತನಕ ಅವಳು ಹೊಲಿದಿದ್ದಾಳೆ. ಇಲ್ಲಿಂದ ಮುಂದೆ ಯಾರೋ ಬೆನ್ನ ಹಿಂದೆ ನಿಂತು ಬೇಗ ಬೇಗ ಅಂತ ಅರಚಿದಾರೆ. ಈ ಸ್ಪಂಜು, ಈ ಅಂಟು ಅವಳು ತಂದಿದ್ದಲ್ಲ" ಎಂದ.

"ನೀನಲ್ಲದಿದ್ರೆ ನೀನಿಲ್ಲಿ ಏನು ಮಾಡ್ತಿದ್ದೀಯ?"

"ಹೊಲೀತೀನಿ ಅಮ್ಮಾ."

"ಆಮೇಲೆ?"

"ಬಿಚ್ತೀನಿ."

ಅಂಗಡಿಯಲ್ಲಿದ್ದವರೆಲ್ಲ ಗಾಜಿನ ಸುತ್ತ ಮುತ್ತಿಕೊಂಡಿದ್ದರು. ಮೇಡಂ ಓಡಿಬಂದಳು, ಅವಳ ಮುಖ ಸುಣ್ಣದಂತಾಗಿತ್ತು. ಹೆಡ್ ನರ್ಸಮ್ಮ ಸೊಂಟಕ್ಕೆ ಕೈಯಿಟ್ಟು ಎಲ್ಲರಿಗೂ ಕೇಳುವಂತೆ ಏನೋ ಹೇಳಲು ಉಸಿರೆಳೆದುಕೊಳ್ಳುತ್ತಿರುವಾಗಲೇ, ಮೇಡಂ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು: "ಅಮ್ಮಾ, ನಿಮಗೋಸ್ಕರ ಇವರೇ ಕೈಯಾರೆ ಹೊಸ ಬ್ಯಾಗು ಮಾಡಿಕೊಡ್ತಾರೆ!"

ಅಂಚಿನ ಮಾವ ಕಣ್ಣುಬಿಟ್ಟು, "ಯಾರು?" ಎಂದರು.

ಮಾವನ ಪ್ರಶ್ನೆ ಸರಿಯಾಗಿಯೇ ಇತ್ತು. ಈ ಮೂವರಲ್ಲಿ ಯಾರಿಗೂ ಬ್ಯಾಗು ಮಾಡಲು ಬಾರದೆಂದು ಮೇಡಂಗೆ ಗೊತ್ತಿರಲಿಲ್ಲ, ಹೇಳುವ ಧೈರ್ಯ ಇವರಿಗಿರಲಿಲ್ಲ. ಹಳೆಯ ಗೋದಾಮಿನಲ್ಲಿ ಉಳಿದಿದ್ದ ಚರ್ಮವನ್ನು ಅವಳು ತೆಗೆಸಿಕೊಟ್ಟಳು. ಹೆಡ್ ನರ್ಸಮ್ಮನ ಮುರಿದ ಬ್ಯಾಗನ್ನು ಮನೆಗೊಯ್ದು, ಅಡುಗೆಮನೆಯ ಮೇಜಿನ ಮೇಲಿಟ್ಟು, ಬಿಚ್ಚಿ ಹರಡಿ, ಮೂವರೂ ಸುತ್ತ ನಿಂತು ನೋಡಿದರು. ಸತ್ತ ಪ್ರಾಣಿಯ ಸುತ್ತ ನಿಂತ ಹಾಗಿತ್ತು.

ಮೊದಲ ಬ್ಯಾಗು ಒಂದು ಕಡೆಗೆ ವಾಲಿ ನಿಂತಿತು, ಪಕ್ಕದ ಮನೆಯ ಜಗಳಕ್ಕೆ ಕಿವಿಗೊಟ್ಟವರಂತೆ. ಹಿಡಿ ಭರ್ಜರಿಯಾಗಿತ್ತು. ಒಳಬಟ್ಟೆ ರೇಷ್ಮೆಯಂತೆ ಕೂತಿತ್ತು, ಆದರೆ ಜೇಬಿನ ಬಾಯಿ ಕೆಳಗಿತ್ತು.

"ಜೇಬಲ್ಲಿ ಏನಿಟ್ರೂ ಬಿದ್ದುಹೋಗುತ್ತಲ್ಲೇ," ಎಂದ ಹಿಡಿಯಣ್ಣ.

"ನಾನು ಸರಿಯಾಗೇ ಹೊಲಿದೆ. ನೀವು ಬ್ಯಾಗನ್ನ ತಲೆಕೆಳಗೆ ಮಾಡಿದ್ರಿ."

ಬ್ಯಾಗಿನ ಮೈ ಜೋಡಿಸುವುದು ಗೊತ್ತಿದ್ದ ಹಳೆಯ ಸಹೋದ್ಯೋಗಿಯೊಬ್ಬಳು ಈಗ ಬಟ್ಟೆ ಒಗೆಯುವ ಅಂಗಡಿ ಇಟ್ಟಿದ್ದಳು. ಅವಳಲ್ಲಿಗೆ ಹೋಗಿ ಕಾಲಿಗೆ ಬೀಳುವುದೊಂದು ಬಾಕಿ. ಅವಳು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು, "ಹೇಳಿಕೊಡ್ತೀನಿ. ಆದರೆ ನಂಗೆ ಎಡಗಡೆ ಮಾತ್ರ ಗೊತ್ತು. ಬಲಗಡೆ ಹೊಲೀತಿದ್ದವಳು ಮಗಳ ಜೊತೆ ಬೇರೆ ಊರಿಗೆ ಹೊರಟುಹೋದ್ಲು" ಎಂದಳು.

ಎಡಗಡೆಯನ್ನು ಕಲಿತು ಬಂದರು. ಬಲಗಡೆಗೆ ಏನು ಮಾಡುವುದೆಂದು ತಲೆಗೆ ಕೈಹೊತ್ತು ಕೂತಾಗ, ಅಂಚಿನ ಮಾವ ಎದ್ದು ಹೋಗಿ ತಾವು ಗಡ್ಡ ಹೆರೆಯುವ ಕನ್ನಡಿ ತಂದು, ಹೊಲಿದ ಎಡಗಡೆಯ ಪಕ್ಕಕ್ಕೆ ನಿಲ್ಲಿಸಿದರು. ಕನ್ನಡಿಯೊಳಗೆ ಬಲಗಡೆ ಕಾಣಿಸಿತು. ಸೊಸೆ ಮಾವನ ಕೈಯನ್ನು ಕಣ್ಣಿಗೊತ್ತಿಕೊಂಡಳು. ಮಾವ, "ಎಚ್ಚರವಾಗಿದ್ರೆ ನಂಗೂ ಬುದ್ಧಿ ಇದೆ" ಎಂದು ಹೇಳಿ, ಕನ್ನಡಿ ಹಿಡಿದುಕೊಂಡೇ ಮಲಗಿದರು.

ಎರಡನೆಯ ಬ್ಯಾಗು ನೆಟ್ಟಗೆ ನಿಂತಿತು. ಒಳಬಟ್ಟೆ ಕೂರಿಸುವಾಗ, ಬಿಗಿಯಾಗಿ ಎಳೆದು ಹಿಡಿಯಲು ಇನ್ನೊಂದು ಕೈ ಬೇಕೆಂದು ಹೆಂಡತಿ ಕರೆದಳು. ಹಿಡಿಯಣ್ಣ ಕೈ ಒಳಗೆ ತೂರಿಸಿದ. ಬೆರಳು ತಳದ ಮೂಲೆಯವರೆಗೆ ಹೋದರೂ ಎಲ್ಲೂ ಒಂದು ಸುಕ್ಕಿಲ್ಲ, ಒಂದು ಗಂಟು ತಾಕಲಿಲ್ಲ. ಹೊಲಿಗೆಯ ಸಂದು ಎಲ್ಲಿದೆಯೆಂದು ತಡಕಾಡಿದ, ಸಿಗಲಿಲ್ಲ. ಅಷ್ಟು ಹೊತ್ತು ಕೈ ಒಳಗಿಟ್ಟುಕೊಂಡು ಸುಮ್ಮನೆ ನಿಂತ ಗಂಡನನ್ನು ಅವಳು, "ಏನಾಯ್ತು, ಸಿಕ್ಕಿಹಾಕ್ಕೊಂಡ್ತಾ?" ಎಂದು ಕೇಳಿದಳು.

"ಇಷ್ಟು ವರ್ಷ ಹೇಳೇ ಇಲ್ವಲ್ಲ ನೀನು."

"ಬಾಯಿ ಬಡ್ಕೊಂಡು ಹೇಳಿದೆ. ನೀವು ಕೈ ಹಾಕಿ ನೋಡಬೇಕಿತ್ತು."

ಮಾವ ಅಂಚಿಗೆ ಕೊನೆಯ ಬಣ್ಣವನ್ನು ಗಾಜಿನ ಕೋಣೆಯಲ್ಲೇ ಬಳಿದರು. ಆ ಸಂಜೆ ಅಂಗಡಿ ಮುಚ್ಚಿದಾಗ ಬಿಚ್ಚುವ ಕೆಲಸವಿರಲಿಲ್ಲ. ಮೂವರಿಗೂ ಕೈಗೆ ಏನು ಕೆಲಸ ಕೊಡಬೇಕೆಂದು ತೋಚದೆ, ಬ್ಯಾಗನ್ನು ಮೇಜಿನ ಮೇಲಿಟ್ಟು, ಗಾಜಿನ ಆಚೆ ಹೋಗಿ ನಿಂತು, ಗಿರಾಕಿಗಳ ಹಾಗೆ ಮೂಗೊತ್ತಿ ನೋಡಿದರು.

ಕಂಪನಿಯ ಮುದ್ರೆಯ ಬಿಲ್ಲೆಗಾಗಿ ಮೇಡಂ ದೊಡ್ಡ ಕಚೇರಿಗೆ ತಿಳಿಸಿದಳು. ಬಿಲ್ಲೆಯ ಬದಲು ಸೂಟಿನವರೇ ಬಂದರು. ಬ್ಯಾಗನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನಿಟ್ಟುಸಿರುಬಿಟ್ಟು, "ಚೆನ್ನಾಗಿದೆ. ಆದರೆ ನಕಲಿ" ಎಂದರು.

"ನಕಲೀನಾ?" ಹಿಡಿಯಣ್ಣ ಕಕ್ಕಾಬಿಕ್ಕಿಯಾದ. "ಚರ್ಮ ನಿಮ್ಮದು, ಕಟ್ಟಡ ನಿಮ್ಮದು, ನಾವೂ ನಿಮ್ಮವರೇ."

"ನಮ್ಮ ಅಧಿಕೃತ ಕಾರ್ಖಾನೆ ಇರೋದು ಹೊರದೇಶದಲ್ಲಿ. ಅಲ್ಲಿ ತಯಾರಾದದ್ದು ಮಾತ್ರ ಅಸಲಿ. ಬೇರೆ ಎಲ್ಲಿ ತಯಾರಾದರೂ ನಕಲಿ. ನಕಲಿ ಮಾಲು ಸಿಕ್ಕಿದರೆ ಅಲ್ಲೇ ಕತ್ತರಿಸಿ ಹಾಕಬೇಕು ಅಂತ ನಮ್ಮ ನಿಯಮ." ಮೇಡಂ ಬಳಿ ಕತ್ತರಿ ಕೇಳಿದರು. ಅವಳು ಕತ್ತರಿ ಹುಡುಕುವ ನೆಪದಲ್ಲಿ ಹೊರಗೆ ಹೋಗಿ ಯಾರಿಗೋ ಫೋನು ಮಾಡಿದಳು. ಕತ್ತರಿ ಸಿಗಲು ಬಹಳ ಹೊತ್ತು ಹಿಡಿಯಿತು. ಅದು ಸಿಗುವುದಕ್ಕೂ ಹೆಡ್ ನರ್ಸಮ್ಮ ಬಾಗಿಲಲ್ಲಿ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು.

ಅವರು ವಿಷಯ ಕೇಳಿ ತಿಳಿದುಕೊಂಡು, ಸೂಟಿನವರ ಎದುರಿಗೆ ಬಂದು ನಿಂತರು.

"ಇದು ನಿಮ್ಮ ಕಂಪನಿಯ ಬ್ಯಾಗಾ?"

"ಖಂಡಿತಾ ಅಲ್ಲ."

"ಗಟ್ಟಿಯಾಗಿ ಹೇಳಿ."

"ಇದು ನಮ್ಮ ಬ್ಯಾಗಲ್ಲ!"

"ನಿಮ್ಮದಲ್ಲದ ಬ್ಯಾಗನ್ನ ಕತ್ತರಿಸೋಕೆ ನೀವ್ಯಾರು?"

ಸೂಟಿನವರು ಕತ್ತರಿಯನ್ನೊಮ್ಮೆ, ಬ್ಯಾಗನ್ನೊಮ್ಮೆ ನೋಡಿದರು. ಅಷ್ಟರಲ್ಲಿ ಹೆಡ್ ನರ್ಸಮ್ಮ ಬ್ಯಾಗನ್ನು ತೋಳಿಗೇರಿಸಿ, "ಚರ್ಮದ ಲೆಕ್ಕಕ್ಕೆ ನಿಮ್ಮ ಆ ಮುರುಕು ಬ್ಯಾಗು ಇಟ್ಕೊಳ್ಳಿ" ಎಂದು ಹೇಳಿ ಮೆಟ್ಟಿಲಿಳಿದಾಗಿತ್ತು. ಅಂಗಡಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಇದೂ ಪ್ರದರ್ಶನದ ಭಾಗವೆಂದು ಅವರು ತಿಳಿದಿದ್ದರು.

ಆದರೆ ಅವತ್ತಿನಿಂದ ಬಂದವರೆಲ್ಲ "ನಮಗೂ ಇವರೇ ಮಾಡಿಕೊಡಲಿ" ಎಂದು ಹಟ ಹಿಡಿಯತೊಡಗಿದ್ದು ಕಂಪನಿಗೆ ನುಂಗಲಾರದ ತುತ್ತಾಯಿತು. ಭಾವನೆ ಮಿತಿ ಮೀರಿತೆಂದು ಸೂಟಿನವರು ಆದೇಶ ಹೊರಡಿಸಿದರು. ಗಾಜಿನ ಕೋಣೆ ಎತ್ತಿಸಿ ಅಲ್ಲೊಂದು ಸೋಫಾ ಹಾಕಿದರು. ಹಿಡಿಯಣ್ಣ ಗಡ್ಡ ಬೋಳಿಸಿಕೊಂಡು ಎರಡನೆಯ ಸಲ ಅದೇ ಕಾರ್ಖಾನೆಯಿಂದ ಮನೆಗೆ ನಡೆದ. ಈ ಸಲ ಬೇಸರ ಮೊದಲಿನಷ್ಟಿರಲಿಲ್ಲ. ಅಭ್ಯಾಸವಾಗಿತ್ತು ಎಂದು ಹೆಂಡತಿ ಅಂದಳು. ಅದೊಂದೇ ಅಲ್ಲ ಎಂದು ಅವನಿಗನ್ನಿಸಿತು.

ಮನೆ ಮಾಲೀಕನನ್ನು ಕಾಡಿ ಬೇಡಿ, ಬಾಣಲೆಯ ತಂಟೆಗೆ ಹೋಗುವುದಿಲ್ಲವೆಂದು ಮಾತು ಕೊಟ್ಟು, ಮೆಟ್ಟಿಲ ಕೆಳಗಿನ ಕೋಣೆಯನ್ನು ಬಾಡಿಗೆಗೆ ಹಿಡಿದರು. ಕಂಪನಿಯ ಬ್ಯಾಗುಗಳ ಹಿಡಿ ಕಿತ್ತು ಬರುತ್ತಲೇ ಇತ್ತು, ಹಾಗಾಗಿ ಕೆಲಸಕ್ಕೆ ಬರವಿರಲಿಲ್ಲ. ದೂರು ತಂದವರ ಕಿವಿಯಲ್ಲಿ ಮೇಡಂ ಈ ವಿಳಾಸ ಹೇಳಿ ಕಳಿಸುತ್ತಿದ್ದಳು. ಹಿಡಿಯಣ್ಣ ಸ್ಪಂಜು ತೆಗೆದು ಹಗ್ಗ ತುಂಬುವನು, ಓಡಿದ ಹೊಲಿಗೆಯನ್ನು ಬಿಚ್ಚಿ ಹೊಲಿಯುವನು. ಅಚ್ಚುಕಟ್ಟಾಗಿದ್ದ ಅರ್ಧವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಯಾರಾದರೂ ಕೇಳಿದರೆ, "ಆ ಅರ್ಧ ನಮ್ಮ ಪೆನ್ಸಿಲಮ್ಮಂದು, ಗಟ್ಟಿ ಇದೆ" ಎನ್ನುವನು. ದೊಡ್ಡ ಸಂಪಾದನೆಯಲ್ಲ, ಮೂರು ಹೊಟ್ಟೆಗೆ ಸಾಲುತ್ತಿತ್ತು.

ಕೆಲವು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಹೆಡ್ ನರ್ಸಮ್ಮ ಬಂದರು. ಬಲಗೈಯನ್ನು ಬಟ್ಟೆಯಲ್ಲಿ ಕಟ್ಟಿ ಕುತ್ತಿಗೆಗೆ ತೂಗುಹಾಕಿಕೊಂಡಿದ್ದರು. ಹಿಡಿಯಣ್ಣ ಸೂಜಿ ಕೆಳಗಿಟ್ಟು ಎದ್ದು ನಿಂತ.

"ಏನಾಯ್ತಮ್ಮಾ?"

"ನಿನ್ನ ಹಿಡಿಯಿಂದ ಆಯ್ತು!" ಎಂದರು. "ತರಕಾರಿ ಮಾರ್ಕೆಟ್ಟಲ್ಲಿ ಬರ್ತಿದ್ದೆ. ಬೈಕಲ್ಲಿ ಬಂದೋನೊಬ್ಬ ಬ್ಯಾಗಿಗೆ ಕೈ ಹಾಕಿ ಎಳೆದ. ಬೇರೆ ಬ್ಯಾಗಾಗಿದ್ರೆ ಹಿಡಿ ನಂಗೆ, ಬ್ಯಾಗು ಅವನಿಗೆ ಅಂತ ಹಂಚಿಕೆ ಆಗ್ತಿತ್ತು. ಇದು ಬರಲೇ ಇಲ್ಲ. ನಾನೂ ಬಿಡಲಿಲ್ಲ. ನಾನು ಇಲ್ಲಿ ಬಿದ್ದೆ, ಅವನು ಟೊಮೇಟೊ ರಾಶಿ ಮೇಲೆ ಬಿದ್ದ. ನಂದು ಭುಜ ಹೋಯ್ತು, ಅವಂದು ಮಣಿಕಟ್ಟು. ಪೊಲೀಸ್ನೋರು ಬರೋವರೆಗೆ ಸುಮ್ನೆ ಯಾಕೆ ಕೂತಿರಲಿ ಅಂತ ಅವನ ಕೈಗೆ ನಾನೇ ಪಟ್ಟಿ ಕಟ್ಟಿದೆ."

"ತಪ್ಪಾಯ್ತಮ್ಮಾ," ಹಿಡಿಯಣ್ಣ ತೊದಲಿದ. "ಬೇಕಾದ್ರೆ ಬುಡದ ಹೊಲಿಗೆ ಸ್ವಲ್ಪ ಸಡಿಲ ಮಾಡಿಕೊಡ್ಲಾ?"

"ಮುಟ್ಟಿದ್ರೆ ಜೋಕೆ! ನನ್ನ ತಂಗಿಗೂ ಒಂದು ಬೇಕು ಅಂತ ಹೇಳೋಕೆ ಬಂದೆ."

ಆ ಸಂಜೆ ಹಿಡಿಯಣ್ಣ ಯಾರಿಗೂ ಹೇಳದೆ ತರಕಾರಿ ಮಾರ್ಕೆಟ್ಟಿಗೆ ಹೋದ. ಟೊಮೇಟೊ ಮಾರುವವಳ ಮುಂದೆ ನಿಂತು, ಏನೂ ಅರಿಯದವನಂತೆ, "ಇಲ್ಲೇನೋ ಗಲಾಟೆ ಆಯ್ತಂತಲ್ಲ?" ಎಂದ.

"ಅಯ್ಯೋ, ಕೇಳ್ಬೇಡಿ ಅಣ್ಣಾ! ಆ ಹಿಡೀನ ಅದ್ಯಾವ ಪುಣ್ಯಾತ್ಮ ಹೊಲಿದಿದ್ನೋ, ಎಳೀತಾನೆ ಎಳೀತಾನೆ, ಬರಲೇ ಇಲ್ಲ ಅದು."

"ಗಲಾಟೇಲಿ ಸರಿಯಾಗಿ ಕೇಳಿಸ್ಲಿಲ್ಲ. ಯಾರು ಹೊಲಿದದ್ದು ಅಂದ್ರಿ?"

ಅವಳು ಮೊದಲಿಂದ ಹೇಳಿದಳು. ಅವನು ಮತ್ತೊಮ್ಮೆ ಕೇಳಿದ. ವ್ಯಾಪಾರ ಬಲ್ಲ ಹೆಂಗಸು ಅವಳು. ಪ್ರತಿ ಸಲ ಕಥೆ ಮುಗಿದಾಗಲೂ ತಕ್ಕಡಿಗೆ ಇನ್ನಷ್ಟು ಟೊಮೇಟೊ ಹಾಕಿ ಅವನ ಚೀಲಕ್ಕೆ ಸುರಿದಳು. ಅವನು ಬೇಡವೆನ್ನಲಿಲ್ಲ. ಎರಡೂ ಕೈಯಲ್ಲಿ ಹೊರಲಾರದಷ್ಟು ಹೊತ್ತು ತಂದು ಅಡುಗೆಮನೆಯಲ್ಲಿಟ್ಟಾಗ, ಹೆಂಡತಿ ಗಲ್ಲದ ಮೇಲೆ ಕೈಯಿಟ್ಟು, "ಇಷ್ಟೊಂದು ಯಾಕ್ರೀ?" ಎಂದಳು.

"ಚೆನ್ನಾಗಿತ್ತು ಕಣೇ," ಎಂದ ಹಿಡಿಯಣ್ಣ. ಅವಳು ಅವನ ಮುಖವನ್ನೊಮ್ಮೆ ನೋಡಿ, ನಗು ನುಂಗಿಕೊಂಡು, ಮೆತ್ತಗಾದವನ್ನು ಒಂದು ಕಡೆ, ಗಟ್ಟಿಯಿದ್ದವನ್ನು ಒಂದು ಕಡೆ ಆರಿಸಲು ಕೂತಳು.